ಮಾಸ್ತರ್ ಸಾಹೇಬರು ನೋವು ಕೇಳುತ್ತಿದ್ದ ಬಗೆ

ಕಷ್ಟದಲ್ಲಿರುವವರನ್ನು ಮಾತಾಡಿಸುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ಇಪ್ಪತ್ನಾಲ್ಕನೆಯ ವಯಸ್ಸಿನವರೆಗೆ ನಾನು ಗಟ್ಟಿಯಾಗಿ ನಂಬಿದ್ದೆ. ಸೇಡಂನಲ್ಲಿ ನಮ್ಮ ಓಣಿಯ ಯಾರ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹೋಗಿ, ಹಾಸಿಗೆಯ ಬದಿಗೆ ಕೂತು, ಲೊಚಗುಟ್ಟಿ, ಸಾಧ್ಯವಾದರೆ ಎರಡು ಹನಿ ಕಣ್ಣೀರನ್ನೂ ಹಾಕಿ ಬರುತ್ತಿದ್ದೆ. ‘ಆಚಾರ್ರ ಮಗಂದು ಭಾಳ ಮೆತ್ತನ ಜೀವ’ ಎಂದು ಹೆಂಗಸರು ಹೇಳುವುದು ಬಾಗಿಲು ದಾಟುವ ಮುಂಚೆಯೇ ಕಿವಿಗೆ ಬೀಳುತ್ತಿತ್ತು. ಬೀಳಲಿ ಎಂದೇ ನಾನು ನಿಧಾನವಾಗಿ ದಾಟುತ್ತಿದ್ದೆ.

ಈ ನಂಬಿಕೆಯನ್ನು ಬುಡಸಮೇತ ಕಿತ್ತವರು ವಾಡಿಯ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರು. ಹೋದ ತಿಂಗಳು ಅವರು ತೀರಿಕೊಂಡರೆಂದು ಅವರ ಮಗಳು ಕಾರ್ಡು ಬರೆದಿದ್ದಾಳೆ. ಕೊನೆಯ ಎರಡು ತಿಂಗಳು ಚೆನ್ನಾಗಿ ನಿದ್ದೆ ಮಾಡಿದರಂತೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ‘ನೋವಿನ ಕಾಗದದ ಮ್ಯಾಲ ಹೆಸರು ಬ್ಯಾಡ್ರಿ, ನಂಬರ್ ಸಾಕು’ ಎಂದು ನನಗೆ ಕಲಿಸಿದವರು ಅವರೇ. ಶಹಾಬಾದಿನಿಂದ ಚಿಂಚೋಳಿಯವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮಾಸ್ತರ್ ಸಾಹೇಬರು ಎಂದು. ನಮಗೂ ಅಷ್ಟು ಸಾಕು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಜಿಲ್ಲಾ ಕೇಂದ್ರದ ಒಬ್ಬ ಡಾಕ್ಟರಮ್ಮ ಕಲ್ಲಿನ ಖಣಿಗಳಲ್ಲಿ ದುಡಿಯುವವರ ಸೊಂಟನೋವಿನ ಮೇಲೆ ಸಂಶೋಧನೆ ಹಿಡಿದಿದ್ದರು. ಶಹಾಬಾದ, ವಾಡಿ, ರಾವೂರ, ಚಿತ್ತಾಪುರ, ಸೇಡಂ ಸುತ್ತಿನ ಖಣಿಗಳಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವವರು ಮತ್ತು ಹೊರುವವರು ಒಂದು ಕಡೆ. ಅವರ ಜೊತೆ ಹೋಲಿಸಿ ನೋಡಲು ಚಿಂಚೋಳಿ ಕಡೆಯ ಒಕ್ಕಲುತನದವರು ಇನ್ನೊಂದು ಕಡೆ. ಇಷ್ಟೂ ಜನರನ್ನು ತಿಂಗಳಿಗೊಮ್ಮೆ ಕಂಡು, ನೋವೆಷ್ಟು ಎಂದು ಕೇಳಿ, ಫಾರ್ಮು ತುಂಬಬೇಕು. ನೋವು ಹೆಚ್ಚೆಂದವರನ್ನು ಗುರುವಾರ ಶಹಾಬಾದಿಗೆ ಕಳಿಸಬೇಕು. ಅಂದು ಡಾಕ್ಟರಮ್ಮ ಅಲ್ಲಿಗೆ ಬಂದು ಸ್ವತಃ ಮೈ ಮುಟ್ಟಿ ನೋಡುತ್ತಿದ್ದರು. ಕೇಳುವ ಕೆಲಸಕ್ಕೆ ಇಬ್ಬರನ್ನು ತೆಗೆದುಕೊಂಡರು. ಬಿ.ಎಸ್ಸಿ. ಪಾಸಾಗಿದ್ದ ನಾನು, ಮತ್ತು ಈ ಮಾಸ್ತರ್ ಸಾಹೇಬರು. ಅರವತ್ತು ದಾಟಿದ್ದ, ಬಿಳಿ ಪೈಜಾಮದ, ಎಲ್ಲಿಗೆ ಹೋದರೂ ಕಂಕುಳಲ್ಲಿ ಒಂದು ಸಣ್ಣ ಮರದ ಸ್ಟೂಲು ಹಿಡಿದುಕೊಂಡೇ ಹೋಗುವ ಮನುಷ್ಯ. ಇವರನ್ನೇಕೆ ತೆಗೆದುಕೊಂಡರೋ ಎಂದು ನನಗೆ ಡಾಕ್ಟರಮ್ಮನ ಬಗ್ಗೆ ಪಾಪ ಅನ್ನಿಸಿತ್ತು.

ಪ್ರಶ್ನೆಯನ್ನು ಕನ್ನಡಕ್ಕೆ ತರುವ ಹೊಣೆ ನನ್ನದು. ಎರಡು ದಿನ ಊಟ ನಿದ್ದೆ ಬಿಟ್ಟು ತಂದೆ. ‘ಪ್ರಸ್ತುತ ತಾವು ಅನುಭವಿಸುತ್ತಿರುವ ಕಟಿಪ್ರದೇಶದ ವೇದನೆಯ ತೀವ್ರತೆಯನ್ನು ಕೆಳಕಂಡ ರೇಖೆಯ ಮೇಲೆ ಗುರುತಿಸಿರಿ.’ ಕೆಳಗೆ ಅಡ್ಡಡ್ಡ ಒಂದು ಗೆರೆ. ಎಡತುದಿ ಎಂದರೆ ನೋವೇ ಇಲ್ಲ, ಬಲತುದಿ ಎಂದರೆ ಅದಕ್ಕಿಂತ ಹೆಚ್ಚಿನ ನೋವೇ ಇಲ್ಲ. ಶಹಾಬಾದಿನ ಖಣಿಯಲ್ಲಿ ಮೊದಲ ಸಲ ಇದನ್ನು ರಾಗವಾಗಿ ಓದಿದೆ. ಎದುರಿಗಿದ್ದ ಮುದುಕ ಸುತ್ತಿಗೆ ಕೆಳಗಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದು ಕೂತ. ನಾನು ಮುಗಿಸಿದ ಮೇಲೆ ಒಂದು ಕಣ್ಣು ಬಿಟ್ಟು ಕೇಳಿದ, “ಮುಗೀತೇನ್ರಿ ಆಚಾರ್ರ? ತೀರ್ಥಾ ಏನರ ಕೊಡ್ತೀರೇನು?”

ಮಾಸ್ತರ್ ಸಾಹೇಬರು ನಗಲಿಲ್ಲ. ಹಾಳೆ ಇಸಿದುಕೊಂಡು ಎರಡು ಸಲ ಓದಿ ಹೇಳಿದರು, “ಆಚಾರ್ರ, ಇದು ಪ್ರಶ್ನಾ ಅಲ್ಲ, ಗೂಡ್ಸ್ ಗಾಡಿ. ಇಂಜಿನ್ ಸ್ಟೇಷನ್ ದಾಟಿ ಹೋದ್ರೂ ಗಾರ್ಡಿನ ಡಬ್ಬಿ ಇನ್ನಾ ಊರ ಹೊರಗೇ ಅದ.”

ಆದರೂ ನನ್ನ ಗೂಡ್ಸ್ ಗಾಡಿ ಒಂದು ತಿಂಗಳು ಓಡಿತು. ತಿಂಗಳ ಕೊನೆಗೆ ಫಾರ್ಮು ಹರವಿ ನೋಡಿದರೆ ಏನಾಶ್ಚರ್ಯ, ಕಲ್ಲು ಒಡೆಯುವವರ ಗುರುತೆಲ್ಲ ಗೆರೆಯ ನಟ್ಟನಡುವೆ! ಅಳತೆಪಟ್ಟಿ ಇಟ್ಟು ನೋಡಿದೆ, ಕೂದಲಿನಷ್ಟೂ ಆಚೀಚೆ ಇಲ್ಲ. ಇಷ್ಟು ಶುದ್ಧವಾದ ಮಾಹಿತಿ ಜಗತ್ತಿನಲ್ಲಿ ಯಾರಿಗೂ ಸಿಕ್ಕಿರಲಾರದೆಂದು ನಾನು ಹಿರಿಹಿರಿ ಹಿಗ್ಗಿದೆ. ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದದ್ದು ಸಾರ್ಥಕವಾಯಿತು ಎಂದು ಡಾಕ್ಟರಮ್ಮನಿಗೆ ಬರೆದ ಪತ್ರದಲ್ಲಿ ಒಂದು ಸಾಲನ್ನೂ ಸೇರಿಸಿದ್ದೆ. ಸದ್ಯ, ಅದನ್ನು ಅಂಚೆಗೆ ಹಾಕುವ ಮೊದಲು ಮಾಸ್ತರ್ ಸಾಹೇಬರಿಗೆ ತೋರಿಸಿದೆ.

ಅವರು ಸ್ಟೂಲು ತೆಗೆದುಕೊಂಡು ಖಣಿಗೆ ಹೋಗಿ ಅರ್ಧ ದಿನ ಕಲ್ಲು ಒಡೆಯುವುದನ್ನು ನೋಡುತ್ತ ಕೂತು ಬಂದರು. ಬಂದವರೇ, “ಅವರು ನೋವ ತೋರಿಸಿಲ್ರಿ ಆಚಾರ್ರ. ಕಲ್ಲ ಒಡದಾರ” ಎಂದರು. ಕೈಗೆ ಸೀಮೆಸುಣ್ಣವೋ ಪೆನ್ನೋ ಕೊಟ್ಟು ಮುಂದೆ ಒಂದು ಉದ್ದ ತೋರಿಸಿದರೆ ಫರಸಿ ಒಡೆಯುವವನ ಕಣ್ಣು ತಾನಾಗಿ ನಡುವನ್ನು ಹುಡುಕುತ್ತದೆ. ಅಲ್ಲಿ ಗುರುತು ಹಾಕಿ ಉಳಿ ಇಟ್ಟರೆ ಕಲ್ಲು ಎರಡು ಸಮ ತುಂಡಾಗುತ್ತದೆ. ಹುಟ್ಟಿದಾಗಿನಿಂದ ಮಾಡಿದ್ದು ಅದೇ. ನಾನು ಗೆರೆ ಕೊಟ್ಟೆ, ಅವರು ಮರ್ಯಾದೆಯಿಂದ ನಡು ಗುರುತಿಸಿ ಕೊಟ್ಟರು.

ಗೆರೆ ಹೋಯಿತು. ಡಾಕ್ಟರಮ್ಮ ಅಂಕಿ ತಂದರು. ಏಳು ಅಥವಾ ಅದಕ್ಕಿಂತ ಮೇಲೆ ಹೇಳಿದವರು ಗುರುವಾರಕ್ಕೆ ಎಂದಾಯಿತು. ಪ್ರಶ್ನೆಯನ್ನು ಮಾಸ್ತರ್ ಸಾಹೇಬರೇ ಕಟ್ಟಿದರು. ‘ಇವತ್ತು, ಈಗ, ನಿಮ್ಮ ಸೊಂಟದ ನೋವು ಎಷ್ಟದ? ನೋವೇ ಇಲ್ಲಂದ್ರ ಸೊನ್ನಿ ಅನ್ರಿ. ಇದರ ಮ್ಯಾಲ ನೋವೇ ಇಲ್ಲಂದ್ರ ಹತ್ತು ಅನ್ರಿ.’ ಇಷ್ಟೇ. ಮುಸಲ್ಮಾನರ ಓಣಿಗಳಿಗಾಗಿ ಇದನ್ನೇ ದಖನಿ ಮಾತಿಗೂ ತಂದರು.

ಚಿಂಚೋಳಿ ಗಡಿಯ ಹಳ್ಳಿಗಳಿಗೆ ತೆಲುಗು ಬೇಕಿತ್ತು. ಸೇಡಂನವನಾದ ನನಗೆ ತೆಲುಗು ನೀರು ಕುಡಿದಷ್ಟು ಸಲೀಸು ಎಂದು ಎದೆ ತಟ್ಟಿಕೊಂಡು ಮಾಡಿಕೊಟ್ಟೆ. ಮಾಡಿದ್ದಷ್ಟೇ ಅಲ್ಲ, ಒಂದು ಹಳ್ಳಿಯಲ್ಲಿ ಕೇಳಿಯೂ ಬಂದೆ. ಅಲ್ಲಿನ ರೈತರೆಲ್ಲ ನಗುನಗುತ್ತ ‘ಹತ್ತು’ ಎಂದರು. ಹತ್ತರ ನೋವಿರುವವರು ಹೀಗೆ ನಗುವುದನ್ನು ಕಂಡು ಇದು ಬಡವರ ಸಹನೆ ಎಂದು ನಾನು ಕಣ್ಣೊರೆಸಿಕೊಂಡೆ.

ಮಾಸ್ತರ್ ಸಾಹೇಬರು ಕಣ್ಣೊರೆಸಿಕೊಳ್ಳಲಿಲ್ಲ. ನನ್ನನ್ನು ಸುಲೇಪೇಟದ ಸಂತೆಗೆ ಎಳೆದುಕೊಂಡು ಹೋಗಿ, ಎರಡೂ ಮಾತು ಬಲ್ಲ ಒಬ್ಬ ದರ್ಜಿಯ ಮುಂದೆ ನಿಲ್ಲಿಸಿ, ನನ್ನ ತೆಲುಗನ್ನು ಅವನಿಗೆ ಹೇಳಿಸಿದರು. “ಈಗ ಇದನ್ನ ನೀ ನನಗ ಕನ್ನಡದಾಗ ಹೇಳಪಾ” ಎಂದರು. ದರ್ಜಿ ಹೊಲಿಗೆ ನಿಲ್ಲಿಸದೆ ಹೇಳಿದ, “ನೋವ ಇಲ್ಲಂದ್ರ ಸೊನ್ನಿ ಅನ್ರಿ. ಇನ್ನ ಮುಂದ ನೋವೇ ಬ್ಯಾಡಂದ್ರ ಹತ್ತು ಅನ್ರಿ.”

ಇನ್ನು ಮುಂದೆ ನೋವು ಯಾರಿಗೆ ಬೇಕು? ಹಾಗಾಗಿ ಊರಿಗೆ ಊರೇ ಹತ್ತು ಎಂದಿತ್ತು. ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತ ಕೂತೆ. “ಹೋದ ಮಾತು ಹೊಳ್ಳಿ ಬರಬೇಕ್ರಿ ಆಚಾರ್ರ” ಎಂದು ಅವರು ಹೇಳಿದರು. “ನಮ್ಮ ರೈಲ್ವೆದಾಗ ಒಂದ್ ಸ್ಟೇಷನ್ ಇನ್ನೊಂದ್ ಸ್ಟೇಷನ್ನಿಗೆ ಲೈನ್ ಖಾಲಿ ಅದ ಏನು ಅಂತ ಕೇಳ್ತದ. ಕೇಳೂ ಮಾತು ಒಂದೇ. ಕೇಳಿಸ್ಕೊಂಡಂವ ಅದನ್ನೇ ಹೊಳ್ಳಿ ಹೇಳ್ಬೇಕು, ಆಮ್ಯಾಲ ಜವಾಬು. ನಾ ನೌಕರಿ ತುಂಬ ಅದೇ ಮಾತು ಕೇಳೀನಿ. ಒಂದ್ ದಿನಾ ದೋಸ್ತನಂಗ ‘ಏನಪಾ, ಬಿಡ್ಲೇನು?’ ಅಂತ ಕೇಳಿ, ಅಂವ ‘ಹೂಂ’ ಅಂದ್ನಂದ್ರ, ಆ ಹೂಂ ಯಾವ ಗಾಡಿಗಿ?”

ಅವರು ಕೇಳುವುದನ್ನು ನೋಡಬೇಕಿತ್ತು. ಸ್ಟೂಲನ್ನು ಒಂದು ತೋಳಿನಷ್ಟು ದೂರ, ಎದುರಿಗಲ್ಲ, ಸ್ವಲ್ಪ ಬದಿಗೆ ಹಾಕುತ್ತಿದ್ದರು. ಕಣ್ಣು ಫಾರ್ಮಿನ ಮೇಲೆ. ಎಲ್ಲರಿಗೂ ಅದೇ ಮಾತು, ಅದೇ ದನಿ. ಕೇಳಿದ ಮೇಲೆ ಕಿಸೆಯ ಗಡಿಯಾರ ತೆಗೆದು ಹಿಡಿದುಕೊಂಡು ಸುಮ್ಮನೆ ಕಾಯುವುದು. ಉತ್ತರ ಬಂದರೆ ಅದನ್ನೇ ತಿರುಗಿಸಿ, ‘ಐದು ಅಂದ್ರಿ’ ಎನ್ನುವುದು. ಅವರು ಹೌದೆಂದರೆ ಬರೆಯುವುದು. ಚಹಾ ಕುಡಿಯುವುದಿದ್ದರೆ ಬರೆದಾದ ಮೇಲೆ. ಹೆಂಡತಿಯನ್ನು ಕೇಳಿದರೆ ಗಂಡ ನಡುವೆ ಬಾಯಿ ಹಾಕಿ, “ಆಕಿಗೇನಾಗೇದ್ರಿ, ಗಟ್ಟಿ ಅದಾಳ” ಎನ್ನುವುದು ಎಲ್ಲ ಊರಲ್ಲೂ ಇತ್ತು. ಮಾಸ್ತರ್ ಸಾಹೇಬರು ಅವನನ್ನು ದೂರದ ಬೇವಿನ ಗಿಡ ತೋರಿಸಿ ಕಳಿಸುತ್ತಿದ್ದರು. “ನಿಮ್ಮ ಸೊಂಟದ ಪಾಳಿ ಆಮ್ಯಾಲ ಬರ್ತದ್ರಿ, ಅಲ್ಲಿ ನೆರಳಾಗ ಕುಂದ್ರಿ.”

ನನಗೆ ಇದೆಲ್ಲ ಕಲ್ಲುಮನಸ್ಸು ಅನ್ನಿಸುತ್ತಿತ್ತು. ನೋವು ಹೇಳಿಕೊಳ್ಳುವವರ ಮುಖವನ್ನೂ ನೋಡದ ಮನುಷ್ಯ! ಆದ್ದರಿಂದ ನನ್ನ ಪಾಲಿನ ಊರುಗಳಲ್ಲಿ ನಾನು ನನ್ನ ರೀತಿಯಲ್ಲೇ ಕೇಳಿದೆ. ಪ್ರಶ್ನೆ ಅವರದೇ, ಆದರೆ ಮುಂದೆ ಒಂದು ‘ಅಯ್ಯೋ’, ಹಿಂದೆ ಒಂದು ‘ಪಾಪ’. ಹತ್ತಿರ ಕೂತು, ಕೈ ಹಿಡಿದು, ಹುಬ್ಬು ಗಂಟಿಕ್ಕಿ, ಅಗತ್ಯ ಬಿದ್ದಲ್ಲಿ ಕಣ್ಣು ತೇವ ಮಾಡಿಕೊಂಡು. ಜನ ನನಗೆ ರೊಟ್ಟಿ ಕೊಡುತ್ತಿದ್ದರು, ಶೇಂಗಾ ಕೊಡುತ್ತಿದ್ದರು, ಮುಂದಿನ ತಿಂಗಳು ಬೇಗ ಬಾ ಎನ್ನುತ್ತಿದ್ದರು. ಮಾಸ್ತರ್ ಸಾಹೇಬರಿಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಒಳಗೊಳಗೇ ಖುಷಿಪಟ್ಟಿದ್ದೆ.

ಮೂರು ತಿಂಗಳಾದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆದರು. ಗುರುವಾರ ಶಹಾಬಾದಿನಲ್ಲಿ ಉದ್ದನೆಯ ಸಾಲು ನಿಲ್ಲುತ್ತಿತ್ತು, ಸಾಲಿನಲ್ಲಿ ಮುಕ್ಕಾಲು ಪಾಲು ನನ್ನ ಜನ. ಅವರಲ್ಲಿ ಬಹಳಷ್ಟು ಮಂದಿ ಬಗ್ಗೆಂದರೆ ಬಗ್ಗುತ್ತಿದ್ದರು, ಏಳೆಂದರೆ ಏಳುತ್ತಿದ್ದರು. “ನಿಮ್ಮ ಊರಿನ ಕಲ್ಲು ಅವರ ಊರಿನ ಕಲ್ಲಿಗಿಂತ ಭಾರ ಇರಬೇಕು, ಇಲ್ಲಾ ನಿಮ್ಮಲ್ಲಿ ಒಬ್ಬರು ಕೇಳೋದು ತಪ್ಪಿರಬೇಕು” ಎಂದರು ಡಾಕ್ಟರಮ್ಮ, ನನ್ನ ಕಡೆ ತಿರುಗಿ. ನಾನು ಮಾಸ್ತರ್ ಸಾಹೇಬರ ಕಡೆಗೆ ಕನಿಕರದಿಂದ ನೋಡಿದೆ. ಒಂದು ತಿಂಗಳು ಊರು ಅದಲು ಬದಲು ಮಾಡಿಕೊಳ್ಳಿ ಎಂದು ಅಪ್ಪಣೆಯಾಯಿತು.

ನನ್ನ ಊರುಗಳಿಗೆ ಅವರು ಹೋಗಿ ಬಂದರು. ನನಗೆ ಎಂಟು ಎಂದವರು ಅವರಿಗೆ ಮೂರು ಎಂದಿದ್ದರು. ಒಬ್ಬಿಬ್ಬರಲ್ಲ, ಸಾಲು ಸಾಲು. ನನಗೆ ಸಿಟ್ಟು ಬಂದು, ಎಂಟು ಎಂದಿದ್ದ ರಾವೂರಿನ ಒಬ್ಬ ಹಿರಿಯನನ್ನು ಹಿಡಿದು ಕೇಳಿಯೇಬಿಟ್ಟೆ.

“ತಮ್ಮಾ,” ಎಂದ ಆತ, “ನೀ ಸೇಡಂದಿಂದ ಬಿಸಲಾಗ ಬರ್ತಿ. ಪೆನ್ನು ಹಿಡಕೊಂಡು ಅಷ್ಟು ಆಸೆ ಮಾಡಿ ಕುಂದಿರ್ತಿ. ಮೂರು ಅಂತ ಹೇಳಿ ಹೆಂಗ ಕಳಸಬೇಕು? ಬಂದವರ ತಾಟಿನಾಗ ಅರ್ಧಾ ರೊಟ್ಟಿ ಹಾಕಿದಂಗ ಆಗಂಗಿಲ್ಲೇನು?”

ಇಷ್ಟೇ ಆಗಿದ್ದರೆ ಇದು ನಗುವ ಮಾತಾಗಿ ಮುಗಿಯುತ್ತಿತ್ತು. ಅದೇ ರಾವೂರಿನಲ್ಲಿ ಹಣಮವ್ವ ಎಂಬ ಕಲ್ಲು ಹೊರುವ ಹೆಂಗಸಿದ್ದಳು. ನನ್ನ ಫಾರ್ಮಿನಲ್ಲಿ ಮೂರು ತಿಂಗಳೂ ಅವಳದು ‘ಎರಡು’. ಮಾಸ್ತರ್ ಸಾಹೇಬರು ತಂದ ಫಾರ್ಮಿನಲ್ಲಿ ‘ಒಂಬತ್ತು’. ಅವರು ಎರಡೂ ಹಾಳೆಗಳನ್ನು ನನ್ನ ಮುಂದೆ ಅಕ್ಕಪಕ್ಕ ಇಟ್ಟರು.

“ನಿಮಗೆ ಹೆದರಿ ಹೇಳಿರಬೇಕು” ಎಂದೆ.

“ಹಂಗಾದ್ರ ನಡೀರಿ” ಎಂದರು.

ಹಣಮವ್ವ ಗುಡಿಸಲ ಮುಂದೆ ಗೋಡೆಗೆ ಆತು ಕೂತಿದ್ದಳು. ಮಾಸ್ತರ್ ಸಾಹೇಬರು ಸ್ಟೂಲು ಹಾಕಿ ಅದೇ ಮಾತಿನಲ್ಲಿ ಕೇಳಿದರು. ಅವಳು “ಒಂಬತ್ರಿ” ಎಂದಳು. “ಒಂಬತ್ತು ಅಂದ್ರಿ” ಎಂದರು ಇವರು. ಹೌದೆಂದು ತಲೆಯಾಡಿಸಿದಳು.

ನನಗೆ ತಡೆಯಲಾಗಲಿಲ್ಲ. “ಮತ್ತ ನನಗ ಪ್ರತಿ ಸಲ ಎರಡು ಅಂತಿದ್ದಿರಲ್ಲ ಅಕ್ಕಾ?”

“ಮೊದಲನೇ ಸಲ ಎಂಟು ಅಂತ ಬಾಯಿತನಕ ಬಂದಿತ್ತು ತಮ್ಮಾ” ಎಂದಳು ಅವಳು. “ಅಷ್ಟರಾಗ ನಿನ್ನ ಕಣ್ಣಾಗ ನೀರು ನೋಡಿದೆ. ನನ್ನ ನೋವು ನಾ ಹೊರ್ತೀನಿ. ಮತ್ತ ನಿನ್ನ ಅಳೂದೂ ನಾನೇ ಹೊರಬೇಕೇನು?”

ಆ ಗುರುವಾರ ಡಾಕ್ಟರಮ್ಮ ಅವಳ ಬೆನ್ನು ಒತ್ತಿ ನೋಡಿದವರೇ ನೇರ ಆಸ್ಪತ್ರೆಗೆ ಕರೆದೊಯ್ದರು. ಬೆನ್ನೆಲುಬಿಗೆ ಕ್ಷಯ ತಗಲಿತ್ತು. ಇನ್ನೆರಡು ತಿಂಗಳು ಬಿಟ್ಟಿದ್ದರೆ ಎರಡೂ ಕಾಲು ಹೋಗುತ್ತಿದ್ದವು ಎಂದರು. ಬಹಳ ಕಾಲ ಮಲಗಿ, ಸೂಜಿ ಚುಚ್ಚಿಸಿಕೊಂಡು ಹಣಮವ್ವ ಎದ್ದು ನಡೆದಳು. ಕಲ್ಲು ಹೊರುವುದು ಮಾತ್ರ ನಿಂತಿತು. ನನ್ನ ಮೂರು ತಿಂಗಳ ಫಾರ್ಮುಗಳನ್ನು ಡಾಕ್ಟರಮ್ಮ ಒಂದು ದಾರ ಕಟ್ಟಿ ಕಪಾಟಿನ ಮೇಲೆ ಎಸೆದರು. ಅವುಗಳಲ್ಲಿ ಇದ್ದದ್ದು ಜನರ ನೋವಲ್ಲ, ನನ್ನ ಬಗ್ಗೆ ಅವರಿಗಿದ್ದ ಕನಿಕರ. ನೋವು ಕಡಿಮೆ ಇದ್ದವರು ನಾನು ಬರಿಗೈಯಲ್ಲಿ ಹೋಗಬಾರದೆಂದು ಹೆಚ್ಚು ಹೇಳಿದ್ದರು. ನೋವು ಹೆಚ್ಚಿದ್ದವಳು ನಾನು ಅಳಬಾರದೆಂದು ಮುಚ್ಚಿಟ್ಟಿದ್ದಳು. ಎಲ್ಲರ ಕಷ್ಟ ವಿಚಾರಿಸಲು ಹೋದ ನನ್ನನ್ನು ಎಲ್ಲರೂ ಸೇರಿ ಸಮಾಧಾನ ಮಾಡಿ ಕಳಿಸಿದ್ದರು.

ಕೆಲಸ ಬಿಡುತ್ತೇನೆಂದು ಹೋಗಿ ಹೇಳಿದೆ. ಮಾಸ್ತರ್ ಸಾಹೇಬರು, “ರಾಜೀನಾಮಾ ಆಮ್ಯಾಲ ಬರೀರಿ, ಮೊದ್ಲ ಸ್ಟೂಲ್ ಮ್ಯಾಲ ಕುಂದ್ರಿ” ಎಂದರು. ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವರು ರೋಗಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ನಾನು. ಅವರು ಸೊಂಟ ಹಿಡಿದು, “ಯಾ ಅಲ್ಲಾ, ಸತ್ತೆ” ಎಂದು ನರಳುತ್ತಿದ್ದರು. ಎಂಥ ನಟ ಅನ್ನುತ್ತೀರಿ! ರೈಲಿಗೆ ಕಾಯುತ್ತಿದ್ದವರು ಓಡಿ ಬಂದು ನೀರು ಕೊಡುತ್ತಿದ್ದರು. ನಾನು ಒಂಚೂರು ಮುಖ ಹಿಂಡಿದರೂ ನರಳಾಟ ಥಟ್ಟನೆ ನಿಲ್ಲುತ್ತಿತ್ತು. “ಪ್ರಶ್ನಾ ಕೆಟ್ಟತು. ಹೊಳ್ಳಿ ಕೇಳ್ರಿ.” ದಿನಕ್ಕೆ ಇಪ್ಪತ್ತು ಸಲ ಹೀಗೆ. ನಾಲ್ಕನೆಯ ದಿನ ನನ್ನ ಮುಖ ಟಿಕೆಟ್ ಕಿಟಕಿಯ ಗುಮಾಸ್ತನ ಮುಖದಂತಾಯಿತು. ಆಗ ಮತ್ತೆ ಕೇಳಲು ಊರುಗಳಿಗೆ ಬಿಟ್ಟರು.

ಒಮ್ಮೆ ಕೇಳಿದೆ, ನಿಮಗೆ ಏನೂ ಅನ್ನಿಸುವುದೇ ಇಲ್ಲವೇ ಎಂದು. ಅವರು ಕನ್ನಡಕ ಒರೆಸುತ್ತ ಹೇಳಿದರು, “ಕೇಳೂ ತನಕ ನಿಮ್ಮ ಮುಖಾ ಅವರದು ಆಚಾರ್ರ. ಬರಕೊಂಡ ಮ್ಯಾಲ ನಿಮ್ಮದು.” ಆಮೇಲೆ ತಿಳಿಯಿತು. ಹಣಮವ್ವ ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ಇವರು ಹದಿನೈದು ದಿನಕ್ಕೊಮ್ಮೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿ, ಉತ್ತತ್ತಿ ಕೊಟ್ಟು, ಅವಳ ಮಂಚದ ಪಕ್ಕ ಕೂತು ಬರುತ್ತಿದ್ದರು. ಅಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರಂತೆ. ಇದನ್ನು ಹೇಳಿದವಳು ಹಣಮವ್ವನೇ. ಆ ಮನುಷ್ಯನನ್ನು ಕಲ್ಲು ಎಂದುಕೊಂಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಸಂಶೋಧನೆ ಮುಗಿಯಿತು, ನನಗೆ ದೂರದ ಊರಿನಲ್ಲಿ ನೌಕರಿಯಾಯಿತು, ವರ್ಷಗಳು ಉರುಳಿದವು. ಮೂರು ತಿಂಗಳ ಹಿಂದೆ ಸೇಡಂಗೆ ಬಂದವನು ವಾಡಿಯಲ್ಲಿ ಇಳಿದು ಅವರ ಮನೆಗೆ ಹೋದೆ. ಮಂಚದ ಮೇಲೆ ಮಲಗಿದ್ದರು. ಬಹಳ ಸಣ್ಣಗಾಗಿದ್ದರು. ಕ್ಯಾನ್ಸರಿನ ಹುಣ್ಣು ಸೊಂಟದ ಎಲುಬಿಗೆ ಇಳಿದಿದೆ, ವಾಸಿಯಾಗುವಂಥದಲ್ಲ ಎಂದು ಮಗಳು ಹೊರಗೇ ಹೇಳಿದ್ದಳು.

“ನಮ್ಮ ಅಬ್ಬಾ ಯಾರ ಕೇಳಿದ್ರೂ ‘ಏನಿಲ್ಲ’ ಅಂತಾರ್ರಿ” ಎಂದಳು. “ಡಾಕ್ಟರ್ ಕೇಳೂ ಮುಂದ ನಾನೂ ಬಾಜೂಕ ಇರ್ತೀನಿ, ನನಗ ಅಳು ತಡಿಯಂಗಿಲ್ಲ. ಇವರು ನನ್ನ ಕಡೆ ನೋಡಿ ‘ಆರಾಮ ಅದೀನಿ’ ಅಂತಾರ. ಇವರೇ ಆರಾಮ ಅಂದ್ರ ಡಾಕ್ಟರ್ ಗುಳಿಗಿ ಹೆಚ್ಚ ಮಾಡೂದು ಹೆಂಗ? ನಿದ್ದಿ ಇಲ್ಲ, ಹಲ್ಲ ಕಚ್ಚಿ ಮಲಗಿರ್ತಾರ. ನಿಮ್ಮ ಮುಂದರ ಖರೇ ಹೇಳ್ತಾರೇನು ನೋಡ್ರಿ.”

ನಾನು ಒಳಗೆ ಹೋದೆ. ಅವರು ಕೈ ಎತ್ತಿ, “ಬರ್ರಿ ಆಚಾರ್ರ, ಕುಂದ್ರಿ” ಎಂದರು. ಬಾಯಿಗೆ ಮೊದಲು ಬಂದದ್ದನ್ನೇ ಆಡಿದೆ, “ಭಾಳ ನೋವದ ಏನ್ರಿ?”

“ಏನಿಲ್ಲ” ಎಂದರು.

ಸುತ್ತ ನೋಡಿದೆ. ಮೂಲೆಯಲ್ಲಿ ಆ ಮರದ ಸ್ಟೂಲು ಇತ್ತು. ತಂದು ಮಂಚದಿಂದ ಒಂದು ತೋಳಿನಷ್ಟು ದೂರ, ಸ್ವಲ್ಪ ಬದಿಗೆ ಹಾಕಿ ಕೂತೆ. ಮಗಳಿಗೆ ಹೊರಗಿರಲು ಸನ್ನೆ ಮಾಡಿದೆ. ಕಿಸೆಯಲ್ಲಿ ಫಾರ್ಮಿರಲಿಲ್ಲ, ಡಾಕ್ಟರ ಚೀಟಿಯೊಂದು ಕಿಟಕಿಯಲ್ಲಿತ್ತು, ಅದರ ಹಿಂಬದಿಯನ್ನು ಮೊಣಕಾಲ ಮೇಲಿಟ್ಟುಕೊಂಡೆ. “ಇವತ್ತು, ಈಗ, ನಿಮ್ಮ ಸೊಂಟದ ನೋವು ಎಷ್ಟದ? ನೋವೇ ಇಲ್ಲಂದ್ರ ಸೊನ್ನಿ ಅನ್ರಿ. ಇದರ ಮ್ಯಾಲ ನೋವೇ ಇಲ್ಲಂದ್ರ ಹತ್ತು ಅನ್ರಿ.”

ಕಾದೆ. ಕಾಯುತ್ತಿದ್ದಂತೆ ಎದುರಿಗಿದ್ದ ಚೀಟಿ ಮಂಜಾಗತೊಡಗಿತು. ಅವರು ತಲೆ ಹೊರಳಿಸಿ ನನ್ನನ್ನು ಬಹಳ ಹೊತ್ತು ನೋಡಿದರು.

“ಪ್ರಶ್ನಾ ಕೆಟ್ಟತು” ಎಂದರು ನಿಧಾನವಾಗಿ. “ಕಣ್ಣ ಒರಸ್ಕೊಂಡು ಹೊಳ್ಳಿ ಕೇಳ್ರಿ ಆಚಾರ್ರ. ಹಿಂಗ ಕೇಳಿದ್ರ ನಾನೂ ಎರಡು ಅಂತ ಹೇಳಬೇಕಾಗ್ತದ.”

ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡೆ. ಅದೇ ಮಾತಿನಲ್ಲಿ, ಅದೇ ದನಿಯಲ್ಲಿ ಮತ್ತೆ ಕೇಳಿದೆ. ಚೀಟಿಯಿಂದ ಕಣ್ಣು ಎತ್ತಲಿಲ್ಲ.

“ಒಂಬತ್ತು” ಎಂದರು ಮಾಸ್ತರ್ ಸಾಹೇಬರು.

“ಒಂಬತ್ತು ಅಂದ್ರಿ” ಎಂದೆ.

“ಹೌದು.”

ಬರೆದುಕೊಂಡೆ. ಹೆಸರು ಬರೆಯಲಿಲ್ಲ. ಚೀಟಿಯನ್ನು ಮಗಳ ಕೈಗೆ ಕೊಟ್ಟು ಡಾಕ್ಟರ ಹತ್ತಿರ ಓಡಿಸಿ, ಒಳಗೆ ಬಂದು, ಸ್ಟೂಲನ್ನು ಮಂಚಕ್ಕೆ ತಾಗಿಸಿ ಹಾಕಿಕೊಂಡು ಅವರ ಕೈ ಹಿಡಿದೆ. ಆಮೇಲೆ ಎಷ್ಟು ಅತ್ತರೂ ಅವರು ಏನೂ ಅನ್ನಲಿಲ್ಲ.